ರಾಣಿಯ ಕಥೆ ಹೇಳಲು ಊಳಿಗದವಳು ಸಿಕ್ಕಳು

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಐದನೇ ರಾಣಿ ಕ್ಯಾಥರೀನ್ ಹವರ್ಡ್ ಬಗ್ಗೆ ಬರೆಯುತ್ತಿರುವ ಕಾದಂಬರಿ ಈ ತಿಂಗಳು ಚೆನ್ನಾಗಿ ಮುಂದೆ ಹೋಯಿತು. ಹೊಸ ವರ್ಷದ ಅಧ್ಯಾಯ ಮುಗಿದಿದೆ, ರಾಜ-ರಾಣಿ ಪ್ರವಾಸದಲ್ಲಿ ತಂಗಿದ್ದ ಲಿಂಕನ್ ಊರಿನ ಅಧ್ಯಾಯ ಅರ್ಧ ಆಗಿದೆ. ಅದಕ್ಕಿಂತ ದೊಡ್ಡ ವಿಷಯ, ಕಥೆ ಯಾರ ಬಾಯಿಂದ ಬರಬೇಕು ಅನ್ನೋದು ಕೊನೆಗೂ ನಿಕ್ಕಿಯಾಯಿತು. ಅವಳು ಕ್ಯಾಥರೀನ್ ಟಿಲ್ನಿ.

ಟಿಲ್ನಿ ರಾಣಿಯ ಕೋಣೆಯಲ್ಲಿ ಊಳಿಗಕ್ಕಿದ್ದವಳು. ನಾರ್ಫೋಕ್‌ನ ಹಿರಿಯ ಡಚೆಸ್ ಮನೆಯಲ್ಲಿ ಹುಡುಗಿಯರೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ದಿನಗಳಿಂದಲೂ ಕ್ಯಾಥರೀನ್‌ಳನ್ನು ಬಲ್ಲವಳು. ರಾಣಿಗೆ ಬೇರೆ ಗಂಡಸರ ಜೊತೆ ಸಂಬಂಧವಿತ್ತು ಅನ್ನೋ ಆರೋಪದ ಮೇಲೆ 1541ರ ನವೆಂಬರಿನಲ್ಲಿ ವಿಚಾರಣೆ ಶುರುವಾದಾಗ ಅವಳ ಹೇಳಿಕೆಯನ್ನೂ ಬರೆದುಕೊಂಡರು. ಲಿಂಕನ್‌ನಲ್ಲಿ ರಾಣಿ ತಡರಾತ್ರಿ ಸಣ್ಣ ಮೆಟ್ಟಿಲು ಹತ್ತಿ ತನ್ನ ಸಖಿ ಲೇಡಿ ರಾಚ್‌ಫರ್ಡ್ ಕೋಣೆಗೆ ಹೋಗುತ್ತಿದ್ದಳು ಅಂದಳು. ರಾಣಿ ತನ್ನ ಕೈಲಿ ರಾಚ್‌ಫರ್ಡ್‌ಗೆ ಕಳಿಸುತ್ತಿದ್ದ ಸುದ್ದಿಗಳು ವಿಚಿತ್ರವಾಗಿದ್ದವು, ಹೇಗೆ ಹೇಳಬೇಕೋ ಗೊತ್ತಾಗುತ್ತಿರಲಿಲ್ಲ ಅಂತಲೂ ಹೇಳಿದಳು. ಒಂದು ಸಲ ರಾಣಿ ಕೇಳಿಸಿದ್ದು ಇಷ್ಟೇ: ನೀವು ಕೊಡುತ್ತೇನೆ ಅಂದದ್ದು ನನಗೆ ಯಾವಾಗ ಸಿಗುತ್ತದೆ? ಅದಕ್ಕಾಗೇ ಎದ್ದು ಕೂತಿದ್ದೇನೆ, ನಾಳೆ ನಾನೇ ಬಂದು ಹೇಳುತ್ತೇನೆ ಅಂತ ರಾಚ್‌ಫರ್ಡ್ ಉತ್ತರ.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮಾತು ಹೊತ್ತು ಓಡಾಡುವವಳಿಗೆ ಅದರ ಅರ್ಥ ಎಷ್ಟು ಗೊತ್ತಿತ್ತು? ಕಾದಂಬರಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ದಾಖಲೆ ಹೇಳಿದ್ದನ್ನು ನಾನು ಬದಲಿಸುವುದಿಲ್ಲ. ಅದು ಬಾಯಿ ಮುಚ್ಚಿಕೊಂಡ ಕಡೆ ಮಾತ್ರ ನನ್ನ ಕಲ್ಪನೆ. ಇವರೆಲ್ಲ ನಿಜವಾಗಿ ಬದುಕಿ, ನಿಜವಾಗಿ ಸತ್ತವರು ಅಲ್ವಾ?

ಹೊಸ ವರ್ಷದ ಅಧ್ಯಾಯ ಬರೆಯುವಾಗ ತುಂಬಾ ಖುಷಿ ಸಿಕ್ಕಿತು. 1541ರ ಜನವರಿ, ಹ್ಯಾಂಪ್ಟನ್ ಕೋರ್ಟ್ ಅರಮನೆ. ಆರು ತಿಂಗಳ ಹಿಂದಷ್ಟೇ ಮದುವೆ ರದ್ದಾಗಿದ್ದ ಆನ್ ಆಫ್ ಕ್ಲೀವ್ಸ್ ಉಡುಗೊರೆ ಹಿಡಿದು ಬರುತ್ತಾಳೆ. ತನ್ನ ಜಾಗಕ್ಕೆ ಬಂದ ಹುಡುಗಿಯ ಮುಂದೆ ಮಂಡಿಯೂರುತ್ತಾಳೆ. ರಾಜ ಮಲಗಲು ಹೋದ ಮೇಲೆ ಹಳೇ ರಾಣಿ, ಹೊಸ ರಾಣಿ ಇಬ್ಬರೂ ಸೇರಿ ಕುಣಿಯುತ್ತಾರೆ! ಹೆನ್ರಿ ಕೊಟ್ಟ ಉಂಗುರ ಮತ್ತು ಎರಡು ಪುಟ್ಟ ನಾಯಿಗಳನ್ನು ಕ್ಯಾಥರೀನ್ ಆನ್‌ಗೆ ಕೊಟ್ಟುಬಿಡುತ್ತಾಳೆ. ಇದೆಲ್ಲ ರಾಯಭಾರಿ ಶಾಪುಯಿ ಬರೆದಿಟ್ಟದ್ದು. ನಾನು ಸೇರಿಸಿದ್ದು ಒಂದೇ: ನಾಯಿಗಳನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತ ಟಿಲ್ನಿ.

ಕ್ಯಾಥರೀನ್‌ಳ ಮುಖ ವರ್ಣಿಸುವುದಿಲ್ಲ ಅಂತಲೂ ತೀರ್ಮಾನಿಸಿದೆ. ಅವಳದೇ ಅಂತ ಖಚಿತವಾದ ಚಿತ್ರ ಒಂದೂ ಇಲ್ಲ. ಹುಟ್ಟಿದ ವರ್ಷವೂ ಗೊತ್ತಿಲ್ಲ. ಆದರೆ ರಾಜನ ಆಪ್ತ ಸೇವಕ, ರಾಣಿಯ ಪ್ರಿಯಕರ ಅನ್ನೋ ಆರೋಪ ಹೊತ್ತ ಥಾಮಸ್ ಕಲ್ಪೆಪರ್‌ಗೆ ಬರೆದ ಪತ್ರ ಉಳಿದಿದೆ. ಲೇಡಿ ರಾಚ್‌ಫರ್ಡ್ ಇದ್ದಾಗ ಬಾ ಅನ್ನುತ್ತಾಳೆ. ತನ್ನ ಆಳಿಗೊಂದು ಕುದುರೆ ಕೊಡಿಸು ಅಂತ ಕೇಳುತ್ತಾಳೆ. ಇದನ್ನು ಬರೆಯಲು ಎಷ್ಟು ಕಷ್ಟಪಡುತ್ತಿದ್ದೇನೆ ನೀನು ನೋಡಬೇಕಿತ್ತು ಅನ್ನುತ್ತಾಳೆ. ಮುಖಕ್ಕಿಂತ ಜಾಸ್ತಿ ಈ ಪತ್ರವೇ ಅವಳನ್ನು ತೋರಿಸುತ್ತದೆ.

ಕೊನೆಯ ಅಧ್ಯಾಯದ ಟಿಪ್ಪಣಿಯೂ ಸಿದ್ಧ. ಶಿರಚ್ಛೇದಕ್ಕೆ ಮುಂಚೆ ರಾಣಿ ‘ಕಲ್ಪೆಪರ್ ಹೆಂಡತಿಯಾಗಿ ಸಾಯುವುದೇ ಮೇಲಾಗಿತ್ತು’ ಅಂದಳು ಅನ್ನೋ ಕಥೆ ಬಹಳ ಜನಪ್ರಿಯ. ಅದನ್ನು ನಾನು ಬಳಸುವುದಿಲ್ಲ. 1542ರ ಫೆಬ್ರವರಿ 13ರಂದು ಆ ಶಿರಚ್ಛೇದವನ್ನು ಕಣ್ಣಾರೆ ನೋಡಿದ ಆಟ್ವೆಲ್ ಜಾನ್ಸನ್ ಎಂಬ ವ್ಯಾಪಾರಿ ಕ್ಯಾಲೆಯಲ್ಲಿದ್ದ ಅಣ್ಣನಿಗೆ ಬರೆದ ಪತ್ರದಲ್ಲಿ ಆ ಮಾತಿಲ್ಲ. ರಾಣಿ, ರಾಚ್‌ಫರ್ಡ್ ಇಬ್ಬರೂ ಭಕ್ತಿಯಿಂದ ಸತ್ತರು ಅಂತಿದೆ. ಹಿಂದಿನ ರಾತ್ರಿ ರಾಣಿ ತಲೆಯಿಡುವ ದಿಮ್ಮಿಯನ್ನು ತರಿಸಿಕೊಂಡು, ಹೇಗೆ ಇಡಬೇಕೆಂದು ಅಭ್ಯಾಸ ಮಾಡಿದಳು ಅಂತ ಶಾಪುಯಿ ಬರೆದಿದ್ದಾನೆ. ಇಷ್ಟಿರುವಾಗ ಪ್ರೇಮದ ಡೈಲಾಗ್ ಯಾಕೆ ಬೇಕು?

ಒಂದು ತೊಡಕಿದೆ. ವಿಷಯ ಮುಚ್ಚಿಟ್ಟ ತಪ್ಪಿಗೆ ಟಿಲ್ನಿಗೂ ಡಿಸೆಂಬರಿನಲ್ಲೇ ಸೆರೆವಾಸದ ಶಿಕ್ಷೆಯಾಗಿತ್ತು. ಕ್ಷಮೆ ಸಿಕ್ಕಿದ್ದು ಆಮೇಲೆ. ಹಾಗಾಗಿ ರಾಣಿಯ ಸಾವನ್ನು ಅವಳು ನೋಡುವಂತಿಲ್ಲ, ಯಾರದೋ ಬಾಯಿಂದ ಕೇಳಬೇಕು. ಯಾರ ಬಾಯಿಂದ ಅನ್ನೋದನ್ನು ಆಮೇಲೆ ನೋಡುತ್ತೇನೆ. ಸದ್ಯಕ್ಕೆ ಲಿಂಕನ್‌ನ ಎರಡನೇ ರಾತ್ರಿ ಬರೆಯುತ್ತಿದ್ದೇನೆ, ಅದಾದ ಮೇಲೆ ಅದೇ ಪ್ರವಾಸದ ಪಾಂಟಿಫ್ರಾಕ್ಟ್ ಊರು.