22 ಮಂದಿ, 14 ಟಿಕೆಟ್: ಕಲಬುರಗಿಯಿಂದ ವಂಡರ್‌ಲಾಗೆ ಹೋಗಿ ಬಂದ ಲೆಕ್ಕ

ನಮ್ಮ ಹೈದರಾಬಾದ್ ಪ್ರವಾಸ ಶುರುವಾಗಿದ್ದು ಪಡಸಾಲೆಯ ಗೋಡೆಗೆ ಟೇಪು ಹಿಡಿದು. ನಗಬೇಡಿ. ಅಲ್ಲಿಯ ವಂಡರ್‌ಲಾ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ವಯಸ್ಸು ನೋಡಿ ಕೊಡುವುದಿಲ್ಲ, ಎತ್ತರ ನೋಡಿ ಕೊಡುತ್ತಾರೆ. 85 ಸೆಂ.ಮೀ. ಒಳಗಿದ್ದರೆ ಫ್ರೀ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ಹೋದರೆ ಪೂರ್ತಿ ಟಿಕೆಟ್, ಮೀಸೆ ಬಂದಿರಲಿ ಬಿಡಲಿ.

ಎಂಟೂ ಮಕ್ಕಳನ್ನು ಚಪ್ಪಲಿ ಬಿಡಿಸಿ ಫರ್ಸಿ ಮೇಲೆ ನಿಲ್ಲಿಸಿದೆವು. ತಲೆಯ ಮೇಲೆ ಒಂದು ನೋಟ್‌ಬುಕ್ ಅಡ್ಡ ಇಟ್ಟು, ಪೆನ್ಸಿಲಿನಿಂದ ಗೋಡೆಗೆ ಗೀಟು. ಅಣ್ಣನ ಸಣ್ಣ ಮಗಳು 84. ಗೆದ್ದೆವು! ಅವನ ದೊಡ್ಡ ಮಗನಿಗೆ ಹನ್ನೊಂದೇ ವರ್ಷ, ಆದರೆ 143. ತಂಗಿಯ ಮಗಳಿಗೆ ಹದಿಮೂರು, 138. "ಇವಳದು ಹಾಫ್ ಟಿಕೆಟ್" ಅಂತ ನಮ್ಮ ಭಾವ ಖುಷಿಯಾದರು. ಹುಡುಗಿ ಮುಖ ಊದಿಸಿಕೊಂಡು ಒಳಗೆ ಹೋದಳು. ಅವಳ ಸಿಟ್ಟಿಗೆ ಕಾರಣ ಇತ್ತು ಅಂತ ನಮಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಬಹಳಷ್ಟು ದೊಡ್ಡ ರೈಡ್‌ಗಳಿಗೆ ಕನಿಷ್ಠ 140 ಸೆಂ.ಮೀ. ಬೇಕು. ತಮ್ಮನಂಥ ಹುಡುಗ ಮೇಲೆ ಕೂತು ಕಿರುಚುತ್ತಿದ್ದರೆ ಇವಳು ಕೆಳಗೆ ಚೀಲ ಕಾಯುತ್ತ ನಿಂತಿದ್ದಳು. ಹೋಗುವ ಮೊದಲೇ ಇದನ್ನು ಮಕ್ಕಳಿಗೆ ಹೇಳಿಬಿಡಿ. ಗೇಟಿನಲ್ಲಿ ಅಳುವುದಕ್ಕಿಂತ ಮನೆಯಲ್ಲಿ ಅತ್ತರೆ ಚಲೋ.

ನಾವು ಒಟ್ಟು 22 ಮಂದಿ. ಐದು ಮನೆ, ಮೂರು ತಲೆಮಾರು. ಮೊದಲು ಎಲ್ಲರಿಗೂ ಟಿಕೆಟ್ ಅಂತ ಲೆಕ್ಕ ಹಾಕಿದ್ದೆವು. ದೊಡ್ಡವರ ಟಿಕೆಟ್ ತಲೆಗೆ ಸಾವಿರದ ಮೇಲೆ. ಲೆಕ್ಕ ನೋಡಿ ಕಾಕಾ ಕನ್ನಡಕ ತೆಗೆದಿಟ್ಟರು. ಆಮೇಲೆ ಅವ್ವನೇ ದಾರಿ ತೋರಿಸಿದಳು: "ನಾ ಆ ಗಿರಗಿಟ್ಲಿ ಒಳಗ ಕೂಡಂಗಿಲ್ಲ. ನನಗ್ಯಾಕ ಚೀಟಿ ತಗಸ್ತೀರಿ?"

ನಾನು ನಿಮಗೆ ಹೇಳಬೇಕೆಂದಿರುವುದೂ ಇಷ್ಟೇ. ದೊಡ್ಡ ಕುಟುಂಬ ಹೋಗುವಾಗ ಎಲ್ಲರೂ ಗೇಟಿನೊಳಗೆ ಹೋಗಲೇಬೇಕು ಅಂತ ಏನಿಲ್ಲ. ನಿಜವಾಗಿ ಯಾರು ರೈಡ್ ಹತ್ತುತ್ತಾರೆ ಅಂತ ಒಬ್ಬೊಬ್ಬರನ್ನೇ ಕೇಳಿ. ಸಂಕೋಚಕ್ಕೆ "ಹೂಂ" ಅಂದವರನ್ನು ಇನ್ನೊಂದು ಸಲ ಕೇಳಿ. ನಮ್ಮಲ್ಲಿ 14 ಮಂದಿ ಉಳಿದರು: ಏಳು ದೊಡ್ಡವರು, ಏಳು ಮಕ್ಕಳು. ಅವ್ವ, ದೊಡ್ಡಪ್ಪ, ದೊಡ್ಡವ್ವ, ಕಾಕಾ, ಕಾಕು, ಸೋದರತ್ತೆ, ಸಣ್ಣ ಕೂಸು ಮತ್ತು ಅದನ್ನು ಎತ್ತಿಕೊಂಡ ವೈನಿ ಬೇರೆ ಕಡೆ ಹೋದರು. ಹಿರಿಯರಿಗೆ ಸಿಗುವ ರಿಯಾಯಿತಿ ಕಳೆದು ನೋಡಿದರೂ ಐದು ಸಾವಿರಕ್ಕೂ ಜಾಸ್ತಿ ಉಳಿಯಿತು. ಕೂಸು ಫ್ರೀ ಇರಬಹುದು, ಆದರೆ ಕೂಸಿನ ತಾಯಿಗೆ ಪೂರ್ತಿ ಟಿಕೆಟ್ ಬೀಳುತ್ತದೆ. ಇದು ಬಹಳ ಜನ ಮರೆಯುವ ಮಾತು.

ಇನ್ನು ಯಾವ ಪಾರ್ಕು? ರಾಮೋಜಿ ಫಿಲ್ಮ್ ಸಿಟಿಯೋ ವಂಡರ್‌ಲಾನೋ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ದಿನ ಜಗಳ ನಡೆಯಿತು. ಎರಡೂ ಮಾಡಿ ಬರೋಣ ಅಂದವರೂ ಇದ್ದರು. ಅದೊಂದು ಮಾಡಬೇಡಿ. ಎರಡೂ ಒಂದೊಂದು ಪೂರ್ತಿ ದಿನದ ಕೆಲಸ, ಟಿಕೆಟ್ ಎರಡು ಪಟ್ಟು, ಸುಸ್ತು ಮೂರು ಪಟ್ಟು. ರಾಮೋಜಿಯಲ್ಲಿ ಬಸ್ಸಿನಲ್ಲಿ ಕೂರಿಸಿ ಸೆಟ್‌ಗಳನ್ನು ತೋರಿಸುತ್ತಾರೆ. ವಯಸ್ಸಾದವರೇ ಜಾಸ್ತಿ ಇದ್ದು ಎಲ್ಲರೂ ಜೊತೆಯಲ್ಲೇ ಇರಬೇಕು ಅಂದರೆ ಅಲ್ಲಿಗೆ ಹೋಗಿ. ಹತ್ತು ದಾಟಿದ ಮಕ್ಕಳೇ ಜಾಸ್ತಿ ಇದ್ದರೆ ವಂಡರ್‌ಲಾ. 2016ರಲ್ಲಿ ಶುರುವಾದ ಪಾರ್ಕು, ಹೈದರಾಬಾದಿನ ದಕ್ಷಿಣಕ್ಕೆ ರಾವಿರ್ಯಾಲದಲ್ಲಿದೆ. ಬಿಡದಿಯಲ್ಲೂ ಒಂದಿದೆ, ನಿಜ. ಆದರೆ ಕಲಬುರಗಿಯವರಿಗೆ ಬೆಂಗಳೂರು ಒಂದು ರಾತ್ರಿಯ ದಾರಿ, ಹೈದರಾಬಾದ್ ಸುಮಾರು 220 ಕಿ.ಮೀ. ಅಷ್ಟೇ. ದೊಡ್ಡಪ್ಪನಿಗಂತೂ ಅದು ಪರದೇಶವೇ ಅಲ್ಲ. 1956ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಅವರ ದಖ್ಖನಿ ಉರ್ದು ಕೇಳಿ ಲಾಡ್ಜಿನ ಹುಡುಗ "ಆಪ್ ಯಹೀಂ ಕೆ?" (ನೀವು ಇಲ್ಲಿಯವರೇನು?) ಅಂದ. ದೊಡ್ಡಪ್ಪ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದರು.

ದಿನ ಆರಿಸುವುದರಲ್ಲೂ ದುಡ್ಡಿದೆ. ಶನಿವಾರ, ಭಾನುವಾರ ಬೇಡ. ದಸರಾ ಹಬ್ಬದ ಆಚೀಚೆಯೂ ಬೇಡ, ಆಗ ತೆಲಂಗಾಣದಲ್ಲಿ ಬತುಕಮ್ಮ ರಜೆ ಇರುತ್ತದೆ. ಕೆಲವು ವರ್ಷ ಅವರ ಶಾಲೆ ಶುರುವಾದ ಮೇಲೂ ನಮ್ಮ ಮಕ್ಕಳಿಗೆ ಇನ್ನೂ ನಾಲ್ಕಾರು ದಿನ ರಜೆ ಉಳಿದಿರುತ್ತದೆ. ನಾವು ಹಿಡಿದದ್ದು ಅಂಥ ಒಂದು ಬುಧವಾರ. ಮೇ ತಿಂಗಳು ಅನ್ನುವವರಿಗೆ ಒಂದೇ ಮಾತು: ಅಲ್ಲಿಯ ಬಿಸಿಲೂ ನಮ್ಮ ಬಿಸಿಲಿನ ತಮ್ಮನೇ, ಮೇಲಾಗಿ ಇಡೀ ಊರು ನೀರಿನಲ್ಲಿ ಇರುತ್ತದೆ.

ಗಾಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಹೆಣ್ಣುಮಕ್ಕಳು ಮೊದಲು ಬಸ್ಸು ಅಂದರು, ಶಕ್ತಿ ಯೋಜನೆ ಇದೆಯಲ್ಲ ಅಂತ. ಆದರೆ ಹೈದರಾಬಾದಿಗೆ ಹೋಗುವ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ತೆಲಂಗಾಣದ ಫ್ರೀ ಬಸ್ಸು ಅಲ್ಲಿಯ ಆಧಾರ್ ಇದ್ದ ಹೆಣ್ಣುಮಕ್ಕಳಿಗೆ ಮಾತ್ರ. ರೈಲು ಅಗ್ಗ, ಅನುಮಾನವೇ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ರಿಸರ್ವೇಶನ್ 60 ದಿನ ಮೊದಲೇ ತೆರೆಯುತ್ತದೆ, ಒಂದು ಟಿಕೆಟಿನಲ್ಲಿ ಆರು ಮಂದಿಯಷ್ಟೇ. ಎಂಟು ಹತ್ತು ಮಂದಿ ಇದ್ದರೆ ಕಣ್ಣು ಮುಚ್ಚಿ ರೈಲಿಗೆ ಹೋಗಿ. 22 ಮಂದಿ ಇಳಿದು ಪ್ರತಿ ಸಲ ಆರು ಆಟೋ ಹಿಡಿದರೆ ಉಳಿದ ದುಡ್ಡೆಲ್ಲ ಆಟೋದವರಿಗೆ. ಪಾರ್ಕು ಬೇರೆ ಊರ ಹೊರಗೆ. ಅದಕ್ಕೇ 26 ಸೀಟಿನ ಮಿನಿ ಬಸ್ಸು ಮಾಡಿದೆವು.

ಬಾಡಿಗೆ ಮಾತಾಡುವಾಗ ನಾಲ್ಕು ವಿಷಯ ಬಾಯಿಮಾತಿಗೆ ಬಿಡಬೇಡಿ: ತೆಲಂಗಾಣದ ಪರ್ಮಿಟ್, ಟೋಲ್, ಡ್ರೈವರ್ ಬತ್ತಾ, ಪಾರ್ಕಿಂಗ್. ಯಾವುದು ಯಾರ ಮೇಲೆ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಿಳಿ ಬೋರ್ಡಿನ ಗಾಡಿ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಗಡಿಯಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟುತ್ತ ಕೂರಬೇಕು, ಆ ಆಸೆ ಬೇಡ. ಇನ್ನೊಂದು, ಬಾಡಿಗೆ ಕಿ.ಮೀ. ಲೆಕ್ಕದಲ್ಲಿರುತ್ತದೆ, ಆದರೆ ದಿನಕ್ಕೆ ಕನಿಷ್ಠ ಇಷ್ಟು ಅಂತ ಇರುತ್ತದೆ. ನಮಗೆ ದಿನಕ್ಕೆ 300. ಮೂರು ದಿನಕ್ಕೆ 900 ಕಿ.ಮೀ. ದುಡ್ಡು ಕೊಟ್ಟೇ ಕೊಡಬೇಕು, ಓಡಿದ್ದು 700ರೊಳಗೆ. ಅಂದರೆ ದಾರಿಯಲ್ಲಿ ಸ್ವಲ್ಪ ಸುತ್ತಿದರೂ ಗಾಡಿಗೆ ಹೊಸ ಖರ್ಚಿಲ್ಲ. ಗೋಲ್ಕೊಂಡ, ಬೀದರ್ ಎರಡೂ ನಮಗೆ ಹಾಗೆ ಸಿಕ್ಕವು.

ಬೆಳಿಗ್ಗೆ ಐದೂವರೆಗೆ ಬಿಟ್ಟೆವು. ಹುಮನಾಬಾದಿನಲ್ಲಿ ವೀರಭದ್ರೇಶ್ವರನಿಗೆ ಕಾಯಿ ಒಡೆಸಿ, ಚಹಾ ಕುಡಿದು, ಜಹೀರಾಬಾದ್ ದಾಟಿ ಪಟಾನ್‌ಚೆರು. ಇಲ್ಲಿ ಡ್ರೈವರ್‌ಗೆ ಹೇಳಿ ರಿಂಗ್ ರೋಡ್ ಹತ್ತಿಸಿ. ಊರೊಳಗೆ ನುಗ್ಗಿದರೆ ಎರಡು ತಾಸು ಹೊಗೆ ಕುಡಿಯಬೇಕು. ಔಟರ್ ರಿಂಗ್ ರೋಡಿಗೆ ಟೋಲ್ ಇದೆ, ಕೊಟ್ಟುಬಿಡಿ. ಶಂಶಾಬಾದ್ ಕಡೆಯಿಂದ ಸುತ್ತಿದರೆ 13ನೇ ಎಕ್ಸಿಟ್ ರಾವಿರ್ಯಾಲ, ವಂಡರ್‌ಲಾಗೆ ಅಲ್ಲೇ ಇಳಿಯುವುದು. ರಾಮೋಜಿಗಾದರೆ ಇನ್ನೂ ಮುಂದೆ, 11ನೇ ಎಕ್ಸಿಟ್ ಪೆದ್ದ ಅಂಬರ್‌ಪೇಟ್.

ಮೊದಲ ದಿನ ಪಾರ್ಕಿಗೆ ಹೋಗಬೇಡಿ. ಹನ್ನೊಂದಕ್ಕೆ ದಣಿದು ಮುಟ್ಟಿ, ಪೂರ್ತಿ ದಿನದ ಟಿಕೆಟಿಗೆ ಅರ್ಧ ದಿನ ಆಡಿದರೆ ಏನು ಬಂತು? ನಾವು ಗೋಲ್ಕೊಂಡಕ್ಕೆ ಹೋದೆವು. ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಬಾಗಿಲಲ್ಲಿ ಚಪ್ಪಾಳೆ ಹೊಡೆದರೆ ಮೇಲೆ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ ಅಂತ ಮಕ್ಕಳು ಎರಡು ಪಾರ್ಟಿ ಮಾಡಿಕೊಂಡು ಅರ್ಧ ತಾಸು ಚಪ್ಪಾಳೆ ಹೊಡೆದರು. ಖರ್ಚಿಲ್ಲದ ಆಟ.

ರಾತ್ರಿ ಲಾಡ್ಜಿನಲ್ಲಿ ಪೆಟ್ಟು ತಿಂದೆವು. ಎಲ್‌ಬಿ ನಗರದ ಕಡೆ ನಾಲ್ಕು ರೂಮು ಬುಕ್ ಮಾಡಿದ್ದೆ. ರೂಮಿಗೆ ಐದಾರು ಮಂದಿ, ಹಾಸಿಗೆ ಹಾಕಿ ಕೊಡುತ್ತೇವೆ ಅಂತ ಫೋನಿನಲ್ಲಿ ಒಪ್ಪಿದ್ದರು. ಹೋಗಿ ನಿಂತರೆ ಕೌಂಟರಿನಲ್ಲಿ ಬೇರೆ ಮನುಷ್ಯ. "ರೂಮಿಗೆ ಮೂವರೇ. ಮೇಲಿನವರಿಗೆ ತಲೆಗೆ ಇಷ್ಟು" ಅಂದ. ಕೂಸು ಅಳುತ್ತಿದೆ, ಅವ್ವ ಚೀಲದ ಮೇಲೆ ಕೂತಿದ್ದಾಳೆ, ವಾದ ಮಾಡುವ ಸ್ಥಿತಿಯೇ? ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದೆ, ಆದರೂ ಐದೂ ಮನೆಯಿಂದ ಎತ್ತಿದ್ದ ಪಟ್ಟಿಯ ದುಡ್ಡಿನಲ್ಲಿ ಒಂದು ತೂತು ಬಿತ್ತು. ನೀವು ತಲೆ ಎಷ್ಟು, ಹಾಸಿಗೆ ಎಷ್ಟು, ಒಟ್ಟು ಎಷ್ಟು ಅಂತ ಮೆಸೇಜ್ ಹಾಕಿ, "ಓಕೆ" ಅನ್ನುವ ಉತ್ತರ ಬಂದ ಮೇಲೆಯೇ ಅಡ್ವಾನ್ಸ್ ಕಳಿಸಿ.

ಮರುದಿನ ಬುಧವಾರ. ಲಾಡ್ಜಿನಲ್ಲೇ ಹೊಟ್ಟೆ ತುಂಬ ತಿಂದು ಹೊರಟೆವು. ಮನೆಯಿಂದ ಕಡಕ್ ರೊಟ್ಟಿ ನೂರೈವತ್ತು ತಂದಿದ್ದೆವು. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಚೂಡಾ ಬೇರೆ. ಮೊಸರು ಅಲ್ಲೇ ಕೊಂಡೆವು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಗೇಟಿನಲ್ಲಿ ಚೀಲ ನೋಡುತ್ತಾರೆ. ಅದಕ್ಕೆ ಬೆಳಿಗ್ಗೆ ಭಾರಿ ಊಟ, ಒಳಗೆ ಮಧ್ಯಾಹ್ನ ಒಂದೇ ಸಲ ಏನಾದರೂ, ಸಂಜೆ ಹೊರಗೆ ಬಂದ ಕೂಡಲೇ ಗಾಡಿಯಲ್ಲಿ ಮತ್ತೆ ರೊಟ್ಟಿ. ಕುಡಿಯುವ ನೀರು ಒಳಗೆ ಸಿಗುತ್ತದೆ, ಬಾಟಲಿ ಕೊಳ್ಳುತ್ತ ಕೂರಬೇಡಿ.

ಬಟ್ಟೆಯ ವಿಷಯಕ್ಕೆ ಬಹಳ ಮಂದಿ ಅಲ್ಲೇ ದುಡ್ಡು ಸುರಿಯುತ್ತಾರೆ. ನೀರಿನ ರೈಡ್‌ಗಳಿಗೆ ಕಾಟನ್ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಸೀರೆ, ಚೂಡಿದಾರ್, ಜೀನ್ಸ್ ಯಾವುದೂ ಇಲ್ಲ. ನಾವು ಸೂಪರ್ ಮಾರ್ಕೆಟ್‌ಗೆ ಹೋಗಿ 14 ಮಂದಿಗೂ ಆಟದ ಟೀ ಶರ್ಟು, ಉದ್ದನೆಯ ನೈಲಾನ್ ಪ್ಯಾಂಟು ತಂದೆವು. ನನ್ನ ಹೆಂಡತಿ ಮತ್ತು ತಂಗಿ ಮನೆಯಲ್ಲೇ ಹಾಕಿ ನೋಡಿ ಒಬ್ಬರನ್ನೊಬ್ಬರು ನೋಡಿ ಎಷ್ಟು ನಕ್ಕರೆಂದರೆ, ಪಕ್ಕದ ಮನೆಯವರು ಬಂದು ಕೇಳಿದರು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಎಲ್ಲರೂ ಅದೇ ವೇಷ. ತಲಾ ಒಂದು ಟವೆಲ್, ಒಣ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಲಾಕರ್ 14 ಮಂದಿಗೆ 14 ಬೇಡ. ನಾವು ಮೂರು ತೆಗೆದುಕೊಂಡೆವು.

ಒಳಗೆ ಹೋದ ಕೂಡಲೇ ಮಕ್ಕಳು ನೀರಿಗೆ ಓಡುತ್ತಾರೆ. ತಡೆಯಿರಿ. ಮೊದಲು ಒಣ ರೈಡ್, ಅದರಲ್ಲೂ ದೊಡ್ಡವು. ಬೆಳಿಗ್ಗೆ ಸಾಲು ಸಣ್ಣದಿರುತ್ತದೆ. ಊಟ ಆದ ಮೇಲೆ ನೀರು. ಒಮ್ಮೆ ಒದ್ದೆಯಾದರೆ ಮತ್ತೆ ಒಣ ರೈಡಿಗೆ ಬಟ್ಟೆ ಬದಲಿಸುತ್ತ ದಿನ ಹೋಗುತ್ತದೆ. ಫೋನು ಲಾಕರಿನಲ್ಲಿ ಇರುವುದರಿಂದ ಕಳೆದುಹೋದರೆ ಸೇರುವ ಜಾಗ ಮತ್ತು ಹೊತ್ತು ಮೊದಲೇ ಹೇಳಿಡಿ. ನಮ್ಮದು ವೇವ್ ಪೂಲಿನ ಬಲಗಡೆ, ಮೂರು ಗಂಟೆ. ಭಾವ ಎಡಗಡೆ ನಿಂತಿದ್ದರು, ಅದು ಬೇರೆ ಮಾತು. ಹಿರಿಯರ ಆಧಾರ್, ಕಾಲೇಜು ಮಕ್ಕಳ ಐಡಿ ಕಾರ್ಡು ಮೂಲ ಪ್ರತಿಯೇ ತನ್ನಿ. ರಿಯಾಯಿತಿ ಇರುತ್ತದೆ, ಫೋನಿನಲ್ಲಿ ಫೋಟೋ ತೋರಿಸಿದರೆ ಕಿರಿಕಿರಿ.

ಹೊರಗಿನ ಎಂಟು ಮಂದಿ ಅದೇ ಗಾಡಿಯಲ್ಲಿ ಶ್ರೀಶೈಲಂ ರಸ್ತೆ ಹಿಡಿದು ಹಳೇ ಶಹರಕ್ಕೆ ಹೋದರು. ಸಾಲಾರ್ ಜಂಗ್ ಮ್ಯೂಸಿಯಂ. ಶುಕ್ರವಾರ ರಜೆ, ನೆನಪಿಡಿ. ಮೃಗಾಲಯಕ್ಕೆ ಹೋಗುವುದಾದರೆ ಸೋಮವಾರ ರಜೆ. ಸಂಜೆ ನಾವು ನಡುಗುತ್ತ ಹೊರಗೆ ಬಂದಾಗ ಅವ್ವ ನಮ್ಮ ಮಾತು ಕೇಳಲೇ ಇಲ್ಲ, ತನ್ನದೇ ಶುರುಮಾಡಿದಳು. ಅಲ್ಲೊಂದು ದೊಡ್ಡ ಗಡಿಯಾರ ಇದೆ, ತಾಸಿಗೊಮ್ಮೆ ಒಳಗಿನಿಂದ ಒಬ್ಬ ಪುಟ್ಟ ಗೊಂಬೆ ಮನುಷ್ಯ ಬಂದು ಗಂಟೆ ಹೊಡೆಯುತ್ತಾನೆ. ಜನರೆಲ್ಲ ಎದುರು ಕೂತು ಕಾಯುತ್ತಾರೆ. "ಹನ್ನೆರಡು ಸಲ ಹೊಡದ ನೋಡು. ನಾ ಎಣಿಸೇನಿ, ಒಂದೂ ತಪ್ಪಲಿಲ್ಲ," ಅಂದಳು. ಕೂಸು ಕೂಡ ಅಳದೆ ನೋಡಿತಂತೆ. ಒಂದು ಗಂಟೆಗೆ ಮತ್ತೆ ಬರುತ್ತಾನೆ ಅಂತ ಕಾದು ಕೂತಿದ್ದಕ್ಕೆ ಒಂದೇ ಸಲ ಹೊಡೆದು ಒಳಗೆ ಹೋದ ಅಂತ ಕಾಕುಗೆ ಬೇಜಾರು.

ಮೂರನೇ ದಿನ ಬೀದರ್ ಮೇಲೆ ವಾಪಸ್. ನಾನಕ್ ಝೀರಾ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಲಾಗಿ ಕೂತು ಲಂಗರ್ ಉಂಡೆವು. 22 ಮಂದಿ ಒಟ್ಟಿಗೆ ಹೋದರೂ ಯಾರೂ ಹುಬ್ಬೇರಿಸಲಿಲ್ಲ. ಕೈಲಾದಷ್ಟು ಹುಂಡಿಗೆ ಹಾಕಿ, ತಟ್ಟೆ ತೊಳೆಯಲು ಮಕ್ಕಳನ್ನು ಕೂರಿಸಿ ಬನ್ನಿ. ಆಮೇಲೆ ಕೋಟೆ ನೋಡಿ ಸಂಜೆಗೆ ಮನೆ.

ಬೀದರಿನವರಿಗೆ ಇಷ್ಟೆಲ್ಲ ಬೇಕಿಲ್ಲ. ಹೈದರಾಬಾದ್ ಸುಮಾರು 140 ಕಿ.ಮೀ., ನಸುಕಿಗೆ ಬಿಟ್ಟರೆ ಅದೇ ದಿನ ವಾಪಸ್ ಬರಬಹುದು, ಲಾಡ್ಜಿನ ದುಡ್ಡು ಪೂರ್ತಿ ಉಳಿಯುತ್ತದೆ. ಯಾದಗಿರಿಯವರು ವಾಡಿ ಮೇಲೆ ರೈಲಿಗೆ ಹೋಗಿ, ಅಲ್ಲಿ ಒಂದು ದಿನಕ್ಕೆ ಮಾತ್ರ ಗಾಡಿ ಮಾಡಿಕೊಂಡರೆ ಹಗುರ.

ದುಡ್ಡು ಇಡುವ ಕೆಲಸ ಒಬ್ಬರಿಗೇ ಕೊಡಿ. ನಾವು ಮನೆಗೆ ಇಷ್ಟು ಅಂತ ಮೊದಲೇ ಪಟ್ಟಿ ಎತ್ತಿ ಕಾಕಾನ ಕೈಗೆ ಕೊಟ್ಟಿದ್ದೆವು. ಚಹಾದಿಂದ ಹಿಡಿದು ಟೋಲಿನವರೆಗೆ ಎಲ್ಲ ಅವರ ಸಣ್ಣ ನೋಟ್‌ಬುಕ್ಕಿನಲ್ಲಿ. ಮನೆ ಮುಟ್ಟಿದ ರಾತ್ರಿಯೇ ಲೆಕ್ಕ ಓದಿದರು. 1,100 ರೂಪಾಯಿ ಉಳಿದಿತ್ತು, ಮನೆಗೆ 220. ದೊಡ್ಡಪ್ಪ ತಮ್ಮ ಪಾಲು ಮುಟ್ಟಲಿಲ್ಲ. ತಂಗಿಯ ಮಗಳನ್ನು ಕರೆದು ಕೈಗಿಟ್ಟು, "ಮುಂದಿನ ವರ್ಷ ನಿನ್ನ ದೊಡ್ಡ ಟಿಕೆಟ್ಟಿಗೆ ನಂದು ಅಡ್ವಾನ್ಸ್" ಅಂದರು.