ಐದಡಿ ಒಂಬತ್ತಿಂಚಿನ ಮೇಷ್ಟ್ರು

"ಅಮೆರಿಕದಲ್ಲಿದ್ದೀರಲ್ಲ ಸಾರ್, ನಿಮ್ಮ ಸಾಧನೆ ಬಗ್ಗೆ ಎರಡು ಪುಟ ಬರೆದುಕೊಡಿ" ಎಂದು ನಮ್ಮ ಕಾಲೇಜು ಸಂಚಿಕೆಯ ಹುಡುಗರು ಬೆನ್ನು ಹತ್ತಿದ್ದಾರೆ. ಬ್ಯಾಂಕಿನ ಕಂಪ್ಯೂಟರುಗಳು ರಾತ್ರಿ ಹೊತ್ತು ಕೈಕೊಡದಂತೆ ಕಾಯುವುದು ನನ್ನ ಕೆಲಸ. ಅದಕ್ಕೆ ಅರ್ಧ ಪುಟವೂ ಜಾಸ್ತಿಯೇ. ಹಾಗಾಗಿ, ನಮ್ಮ ಕಾಲೇಜು ಬಿಟ್ಟ ಮೇಲೆ ನಾನು ಎಂ.ಎಸ್. ಓದಿದ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್ ಊರಿನ ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಕಥೆ ಬರೆಯುತ್ತೇನೆ. ಅವನ ಹೆಸರು ಸ್ಯಾಮ್ ಮಿಲ್ಸ್. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಆಟ ನಿಲ್ಲಿಸಿ ತರಬೇತುದಾರನಾಗಿದ್ದ. ಹೀಗೆ ಏಕವಚನದಲ್ಲಿ ಬರೆಯುವುದನ್ನು ಮನ್ನಿಸಿ, ನಾವು ಗಾವಸ್ಕರ್, ದ್ರಾವಿಡ್ ಬಗ್ಗೆ ಹಾಸ್ಟೆಲಿನಲ್ಲಿ ಮಾತಾಡುತ್ತಿದ್ದದ್ದೂ ಹೀಗೇ ಅಲ್ಲವೇ?

ನಾನು ಶಾರ್ಲೆಟ್‌ಗೆ ಬಂದಿಳಿದದ್ದು 2002ರಲ್ಲಿ. ಊರಿನ ತಂಡ ಕ್ಯಾರೊಲೈನಾ ಪ್ಯಾಂಥರ್ಸ್. ಹಿಂದಿನ ವರ್ಷ ಆಡಿದ 16 ಪಂದ್ಯಗಳಲ್ಲಿ ಒಂದನ್ನು ಗೆದ್ದು 15ರಲ್ಲಿ ಮಣ್ಣು ಮುಕ್ಕಿತ್ತು. ಅಂಥ ತಂಡದ ಹೆಸರಿನ ಟೋಪಿ ಹಾಕಿಕೊಂಡು ದಿನವೂ ಕೆಲಸಕ್ಕೆ ಬರುತ್ತಿದ್ದವರು ನಮ್ಮ ವಿಭಾಗದ ಲ್ಯಾಬ್ ನೋಡಿಕೊಳ್ಳುತ್ತಿದ್ದ ಹಿರಿಯರು. ನನಗೆ ಆಗ ಈ ಆಟವೆಂದರೆ ತಲೆಬುಡ ಗೊತ್ತಿಲ್ಲ. ಹೆಲ್ಮೆಟ್ ಹಾಕಿಕೊಂಡ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಪೀಪಿ ಊದುತ್ತಾರೆ, ಜಾಹೀರಾತು ಬರುತ್ತದೆ, ಮತ್ತೆ ಬೀಳುತ್ತಾರೆ. ಸಂಜೆ ಲ್ಯಾಬಿಗೆ ಬೀಗ ಹಾಕುವ ಮೊದಲು ಆ ಹಿರಿಯರು ಬಿಳಿ ಹಲಗೆಯ ಮೇಲೆ ಸೊನ್ನೆ, ಗುಣಿಸು ಗುರುತುಗಳನ್ನು ಹಾಕಿ ಪಾಠ ಶುರುಮಾಡಿದರು.

ಮುಖ್ಯವಾದದ್ದು ಇಷ್ಟು: ಎರಡೂ ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಎದುರಾಳಿ ತಂಡ ಬಿಡಬಾರದು. ತಡೆಯುವವರಲ್ಲಿ ಮೊದಲ ಸಾಲು ಗೋಡೆಯಂಥವರದು. ಕೊನೆಯ ಸಾಲು ಓಟಗಾರರದು. ಮಧ್ಯದಲ್ಲಿ, ಗೋಡೆಗೆ ನಾಲ್ಕೈದು ಗಜ ಹಿಂದೆ ನಿಲ್ಲುವವರು ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡು ಹಿಡಿದು ಗೋಡೆಗೆ ನುಗ್ಗಿದರೆ ಇವರು ಮುಂದೆ ಹಾರಬೇಕು, ಚೆಂಡನ್ನು ಗಾಳಿಯಲ್ಲಿ ಎಸೆದರೆ ಹಿಂದಕ್ಕೆ ಓಡಬೇಕು. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಒಂದು ಸೆಕೆಂಡೂ ಸಿಗುವುದಿಲ್ಲ. ತಪ್ಪು ಹೆಜ್ಜೆ ಇಟ್ಟರೆ, ತಿರುಗುವ ಹೊತ್ತಿಗೆ ಎದುರಾಳಿ ಹತ್ತು ಗಜ ಆಚೆ ಇರುತ್ತಾನೆ.

"ಹಾಗಾದರೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಅವರು ಮೇಜಿನ ಮೇಲೆ ಬಲಗೈಯ ಬೆರಳುಗಳನ್ನು ಊರಿ ಮೈಭಾರ ಬಿಟ್ಟರು. ಗೆಣ್ಣುಗಳು ಬೆಳ್ಳಗಾದವು. "ಎದುರಿನ ಗಾರ್ಡ್, ಅಂದರೆ ಚೆಂಡಿರುವ ತಂಡದ ಮುಂದಿನ ಸಾಲಿನವನು, ನೆಲಕ್ಕೆ ಕೈ ಹೀಗೆ ಒತ್ತಿ ಕೂತಿದ್ದಾನೆ ಅಂದರೆ ಮುಂದಕ್ಕೆ ನುಗ್ಗೋಕೆ ಸಿದ್ಧ. ಓಟದ ಆಟ." ಆಮೇಲೆ ಭಾರ ತೆಗೆದರು, ಬೆರಳುಗಳಿಗೆ ಮತ್ತೆ ರಕ್ತ ಹರಿಯಿತು. "ಕೈ ಹೀಗೆ ಹಗುರವಾಗಿದ್ದರೆ ಹಿಂದಕ್ಕೆ ಸರೀತಾನೆ. ಚೆಂಡು ಎಸೀತಾರೆ. ಚೆಂಡು ನೋಡಬೇಡ, ಗಾರ್ಡ್ ನೋಡು."

ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಾಸ್ಟೆಲ್ ಹಿಂದಿನ ಕಬಡ್ಡಿ ಅಂಕಣ. ಮಳವಳ್ಳಿ ಕಡೆಯ ನಮ್ಮ ಗೆಳೆಯನೊಬ್ಬ ಎಡ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದ, ನಿಮ್ಮಲ್ಲಿ ಹಳಬರಿಗೆ ನೆನಪಿರಬೇಕು. ಆಳು ಕುಳ್ಳ, ತೂಕವೂ ಇಲ್ಲ. ಆದರೆ ರೈಡರ್ ಕಾಲು ಎತ್ತುವ ಮೊದಲೇ ಹಿಮ್ಮಡಿಗೆ ಕೈ ಹಾಕಿರುತ್ತಿದ್ದ. ಪಿ.ಟಿ. ಮೇಷ್ಟ್ರು ಅಂಚಿನಲ್ಲಿ ನಿಂತು ಕೂಗುತ್ತಿದ್ದದ್ದು ಒಂದೇ ಮಾತು: "ಮುಖ ನೋಡಬೇಡ್ರೋ, ಕಾಲು ನೋಡ್ರೋ! ಮುಖ ಸುಳ್ಳು ಹೇಳುತ್ತೆ!" ಏಳು ಸಮುದ್ರ ದಾಟಿ ಬಂದು ಅದೇ ಪಾಠವನ್ನು ಕೇಳುತ್ತಿದ್ದೆ. ಅಂದಿನಿಂದ ನನಗೆ ಈ ಆಟ ಅರ್ಥವಾಗತೊಡಗಿತು, ಅದರಲ್ಲೂ ಲೈನ್‌ಬ್ಯಾಕರ್‌ಗಳ ಆಟ. ಲ್ಯಾಬಿನ ಹಿರಿಯರ ಪಾಠದಲ್ಲಿ ಎಲ್ಲದಕ್ಕೂ ಉದಾಹರಣೆ ಮಿಲ್ಸ್.

ಮಿಲ್ಸ್ ಹುಟ್ಟಿದ್ದು 1959ರಲ್ಲಿ, ನ್ಯೂಜೆರ್ಸಿಯ ನೆಪ್ಚೂನ್‌ನಲ್ಲಿ. ಬೆಳೆದದ್ದು ಪಕ್ಕದ ಲಾಂಗ್ ಬ್ರಾಂಚ್‌ನಲ್ಲಿ. ಎತ್ತರ 5 ಅಡಿ 9 ಇಂಚು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಯಾರೂ ಕುಳ್ಳ ಎನ್ನುವುದಿಲ್ಲ. ಆದರೆ ಒಳಗಿನ, ಅಂದರೆ ನಟ್ಟನಡುವೆ ನಿಲ್ಲುವ, ಲೈನ್‌ಬ್ಯಾಕರ್ ಆರಡಿ ದಾಟಿರಬೇಕು ಎಂದು ಆ ಆಟದವರು ಮನಸ್ಸಿನಲ್ಲೇ ಗೆರೆ ಎಳೆದುಬಿಟ್ಟಿದ್ದರು. ಹಾಗಾಗಿ ದೊಡ್ಡ ವಿಶ್ವವಿದ್ಯಾಲಯಗಳು ಕರೆಯಲಿಲ್ಲ. ಮಾಂಟ್‌ಕ್ಲೇರ್ ಸ್ಟೇಟ್‌ಗೆ ಸೇರಿಕೊಂಡ. ಅದು ಕಾಲೇಜು ಆಟಗಳ ಮೂರನೇ ದರ್ಜೆಯ ವಿಭಾಗದ್ದು, ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ. ಅಲ್ಲಿ 501 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿದರೂ, ಅಮೆರಿಕದ ಮುಖ್ಯ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಶಿಬಿರಕ್ಕೆ ಕರೆದು ವಾಪಸ್ ಕಳಿಸಿತು. ಮರುವರ್ಷ ಕೆನಡಾದ ಟೊರೊಂಟೊ ಆರ್ಗೊನಾಟ್ಸ್ ಕೂಡ ಹಾಗೇ ಮಾಡಿತು.

ಸರಿ, ಏನು ಮಾಡಿದ? ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನ ಹೈಸ್ಕೂಲಿನಲ್ಲಿ ಮೇಷ್ಟ್ರಾದ. ಮಕ್ಕಳಿಗೆ ಫೋಟೊಗ್ರಫಿ ಮತ್ತು ಮರಗೆಲಸ ಕಲಿಸಿದ, ಸಂಜೆ ಶಾಲಾ ತಂಡಕ್ಕೆ ತರಬೇತಿ. ಮಿಲ್ಸ್ ಬಗ್ಗೆ ಬರೆಯುವವರೆಲ್ಲ ಇದನ್ನು ಒಂದು ಸಾಲಿನಲ್ಲಿ ಮುಗಿಸಿ, "ಪಾಪ, ಅಷ್ಟು ಕಷ್ಟಪಟ್ಟ" ಎಂಬ ಧಾಟಿಯಲ್ಲಿ ಮುಂದೆ ಹೋಗುತ್ತಾರೆ. ನನಗೆ ಇದು ಕಷ್ಟದ ಕಥೆಯಾಗಿ ಕಾಣುವುದಿಲ್ಲ. ಮರದ ಎಳೆ ಯಾವ ಕಡೆ ಹೋಗಿದೆ ಎಂದು ನೋಡದೆ ಉಳಿ ಇಡಬೇಡ ಎಂದು ಮಕ್ಕಳಿಗೆ ಹೇಳಿಕೊಡುವವನ ಕಣ್ಣಿಗೂ ಗಾರ್ಡ್‌ನ ಬೆರಳು ಓದುವ ಕಣ್ಣಿಗೂ ನಂಟಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

1983ರಲ್ಲಿ ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ ಶುರುವಾಯಿತು. ಮಿಲ್ಸ್‌ನನ್ನು ಕೈಬಿಟ್ಟಿದ್ದ ಬ್ರೌನ್ಸ್ ಕೋಚ್ ಸ್ಯಾಮ್ ರುಟಿಗ್ಲಿಯಾನೊ ಅವರೇ ಫಿಲಡೆಲ್ಫಿಯಾ ಸ್ಟಾರ್ಸ್ ತಂಡದ ಕಾರ್ಲ್ ಪೀಟರ್ಸನ್‌ಗೆ ಇವನ ಹೆಸರು ಹೇಳಿದರು. ಸ್ಟಾರ್ಸ್ ಕೋಚ್ ಜಿಮ್ ಮೋರಾಗೂ ಮೊದಲು ಎತ್ತರದ್ದೇ ಅನುಮಾನ. ಅಭ್ಯಾಸ ಶುರುವಾದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಆ ಲೀಗ್ ನಡೆದದ್ದೇ ಮೂರು ವರ್ಷ, ಮೂರೂ ವರ್ಷ ಸ್ಟಾರ್ಸ್ ಫೈನಲ್ ತಲುಪಿತು. 1984 ಮತ್ತು 1985ರಲ್ಲಿ ಗೆದ್ದಿತು. ಈ ನಡುವೆ ಲೀಗ್‌ನವರು ಎನ್‌ಎಫ್‌ಎಲ್ ಮೇಲೆ ಏಕಸ್ವಾಮ್ಯದ ದಾವೆ ಹೂಡಿದ್ದರು. ದಾವೆ ಗೆದ್ದರು ಕೂಡ, ಆದರೆ ಜ್ಯೂರಿ ಕೊಟ್ಟ ಪರಿಹಾರ ಒಂದು ಡಾಲರ್! ಕಾನೂನಿನ ಪ್ರಕಾರ ಮೂರು ಪಟ್ಟಾಗಿ ಮೂರು ಡಾಲರ್ ಆಯಿತು. ಲೀಗ್ ಬಾಗಿಲು ಹಾಕಿತು.

1986ರಲ್ಲಿ ಮೋರಾ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಕೋಚ್ ಆಗಿ ಹೋದವರು ಮಿಲ್ಸ್‌ನನ್ನೂ ಕರೆದುಕೊಂಡರು. 27ನೇ ವಯಸ್ಸಿನಲ್ಲಿ ಎನ್‌ಎಫ್‌ಎಲ್‌ಗೆ ಕಾಲಿಟ್ಟ. ಸೇಂಟ್ಸ್ ಎಂಥ ತಂಡ ಎಂದರೆ, 1980ರಲ್ಲಿ ಅದರ ಅಭಿಮಾನಿಗಳು ನಾಚಿಕೆಗೆ ಮುಖ ಮುಚ್ಚಿಕೊಳ್ಳಲು ತಲೆಗೆ ಕಾಗದದ ಚೀಲ ಹಾಕಿಕೊಂಡು ಮೈದಾನಕ್ಕೆ ಬರುತ್ತಿದ್ದರು. 1967ರಿಂದ ಆಡುತ್ತಿದ್ದ ತಂಡಕ್ಕೆ ಸೋಲಿಗಿಂತ ಗೆಲುವು ಹೆಚ್ಚಿದ್ದ ಮೊದಲ ವರ್ಷ ಬಂದದ್ದು 1987ರಲ್ಲಿ. ಅದಕ್ಕೆ ಕಾರಣ ಆ ನಾಲ್ವರು ಲೈನ್‌ಬ್ಯಾಕರ್‌ಗಳು: ಹೊರಗೆ ರಿಕಿ ಜಾಕ್ಸನ್ ಮತ್ತು ಪ್ಯಾಟ್ ಸ್ವಿಲ್ಲಿಂಗ್, ಒಳಗೆ ವಾನ್ ಜಾನ್ಸನ್ ಮತ್ತು ಮಿಲ್ಸ್. ಮುಚ್ಚಿದ ಚಾವಣಿಯ ಮೈದಾನದಲ್ಲಿ ಆಡುತ್ತಿದ್ದರಿಂದ ಜನ ಇವರನ್ನು ಡೋಮ್ ಪಟ್ರೋಲ್ (ಗುಮ್ಮಟದ ಕಾವಲು ಪಡೆ) ಎಂದರು. 1992ರಲ್ಲಿ ನಾಲ್ವರೂ ಒಟ್ಟಿಗೆ, ವರ್ಷದ ಅತ್ಯುತ್ತಮ ಆಟಗಾರರನ್ನು ಆರಿಸುವ ಪ್ರೊ ಬೌಲ್‌ಗೆ ಆಯ್ಕೆಯಾದರು. ಆ ತಂಡ ನಾಲ್ಕು ಸಲ ಪ್ಲೇಆಫ್ (ಋತುವಿನ ಕೊನೆಯ, ಸೋತರೆ ಮನೆಗೆ ಎನ್ನುವ ಸುತ್ತು) ಮುಟ್ಟಿ ನಾಲ್ಕೂ ಸಲ ಮೊದಲ ಪಂದ್ಯದಲ್ಲೇ ಸೋತದ್ದು ಬೇರೆ ಮಾತು.

ಈ ನಾಲ್ವರಲ್ಲಿ ಸ್ವಿಲ್ಲಿಂಗ್ ಮತ್ತು ಜಾಕ್ಸನ್ ಆಟ ಯಾರ ಕಣ್ಣಿಗಾದರೂ ಬೀಳುತ್ತದೆ. ಸುತ್ತಿಬಳಸಿ ಓಡಿಬಂದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುತ್ತಾರೆ, ಜನ ಎದ್ದು ನಿಲ್ಲುತ್ತಾರೆ. ಮಿಲ್ಸ್ ಆಟ ನೋಡಲು ಟೇಪನ್ನು ಹಿಂದಕ್ಕೆ ತಿರುಗಿಸಬೇಕಾಗುತ್ತಿತ್ತು. ಲ್ಯಾಬಿನ ಹಿರಿಯರ ಮನೆಯಲ್ಲಿ ಹಳೆಯ ವಿಡಿಯೊ ಕ್ಯಾಸೆಟ್‌ಗಳಿದ್ದವು. ಭಾನುವಾರ ಹೋದರೆ ಒಂದೇ ಆಟವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಎದುರಿಗೆ ಸುಮಾರು 135 ಕೆಜಿ ತೂಗುವ ಗಾರ್ಡ್ ಮಿಲ್ಸ್ ಕಡೆ ಧಾವಿಸುತ್ತಾನೆ. ಎತ್ತರದ ಲೈನ್‌ಬ್ಯಾಕರ್ ಆದರೆ ಮೊಣಕಾಲು ಮಡಿಸಿ ತಗ್ಗಬೇಕು, ಅದಕ್ಕೆ ಸಮಯ ಬೇಕು. ಮಿಲ್ಸ್ ಆಗಲೇ ತಗ್ಗಿನಲ್ಲಿದ್ದಾನೆ. ಅವನ ಭುಜ ಗಾರ್ಡ್‌ನ ಎದೆಕಟ್ಟಿನ ಅಡಿಗೆ ಸೇರುತ್ತದೆ, ಅಷ್ಟು ದೊಡ್ಡ ಆಳಿನ ಹಿಮ್ಮಡಿ ನೆಲ ಬಿಡುತ್ತದೆ, ಸಿಕ್ಕ ಸಂದಿನಲ್ಲಿ ಮಿಲ್ಸ್ ನುಸುಳಿ ಚೆಂಡು ಹಿಡಿದವನ ಸೊಂಟಕ್ಕೆ ಅಮರಿಕೊಳ್ಳುತ್ತಾನೆ. ಇದನ್ನು ನಾಲ್ಕನೇ ಸಲ ಹಾಕಿದಾಗ ಹಿರಿಯರು ನಗುತ್ತಿದ್ದರು. "ಎತ್ತರ ಕಮ್ಮಿ ಅಂತ ಕಳಿಸಿದರಲ್ಲ, ಅದೇ ಅವನ ಆಯುಧ." ಗಾಳಿಯಲ್ಲಿ ಬರುವ ಚೆಂಡಿಗೆ ಎತ್ತರ ಕಡಿಮೆಯಾದದ್ದು ಕೊರತೆಯೇ, ಅದನ್ನೂ ಹೇಳಬೇಕು. ಆ ಕೊರತೆಯನ್ನು ಅವನು ತುಂಬಿಕೊಂಡದ್ದು ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಅಂದಾಜು ಮಾಡಿ ಅಲ್ಲಿ ಹೋಗಿ ನಿಲ್ಲುವುದರಿಂದ.

1995ರಲ್ಲಿ ಪ್ಯಾಂಥರ್ಸ್ ಹೊಸದಾಗಿ ಹುಟ್ಟಿತು. ಮಿಲ್ಸ್‌ಗೆ ಆಗ 36, ಬಹುತೇಕ ಲೈನ್‌ಬ್ಯಾಕರ್‌ಗಳು ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂರುವ ವಯಸ್ಸು. ಹೊಸ ತಂಡ ಮೊದಲ ಐದೂ ಪಂದ್ಯ ಸೋತಿತು. ಸ್ವಂತ ಮೈದಾನ ಇನ್ನೂ ಸಿದ್ಧವಾಗಿರಲಿಲ್ಲ, ಆ ವರ್ಷ ಅವರು ಪಕ್ಕದ ಸೌತ್ ಕ್ಯಾರೊಲೈನಾದ ಕ್ಲೆಮ್ಸನ್‌ನಲ್ಲಿ ಆಡುತ್ತಿದ್ದರು. ಅಕ್ಟೋಬರ್ 15ರಂದು ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಪಂದ್ಯ. ಜೆಟ್ಸ್ ಕ್ವಾರ್ಟರ್‌ಬ್ಯಾಕ್ ಬಬ್ಬಿ ಬ್ರಿಸ್ಟರ್ ಪಕ್ಕದಲ್ಲಿದ್ದವನಿಗೆ ಕೆಳಗಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿದ. ನಡುವೆ ಮಿಲ್ಸ್ ಬಂದು ಚೆಂಡು ಹಿಡಿದು 36 ಗಜ ಓಡಿ ಗೆರೆ ದಾಟಿದ. 26-15, ಪ್ಯಾಂಥರ್ಸ್ ಇತಿಹಾಸದ ಮೊದಲ ಗೆಲುವು. ಆ ಓಟದಲ್ಲಿ ಏನೂ ಚೆಲುವಿಲ್ಲ, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಿಂದೆ ಅಪ್ಪ ಓಡುವ ಹಾಗೆ ಓಡುತ್ತಾನೆ. ಮರುವರ್ಷ, ಅಂದರೆ ತಂಡದ ಎರಡನೇ ವರ್ಷಕ್ಕೇ, ಪ್ಯಾಂಥರ್ಸ್ ಪ್ಲೇಆಫ್‌ನಲ್ಲಿ ಡಲ್ಲಾಸ್ ಕೌಬಾಯ್ಸ್‌ನಂಥ ಘಟಾನುಘಟಿಗಳನ್ನು ಸೋಲಿಸಿತು. 37 ವಯಸ್ಸಿನ ಮಿಲ್ಸ್ ಆ ವರ್ಷ ಪ್ರೊ ಬೌಲ್‌ಗೆ ಐದನೇ ಸಲ ಆಯ್ಕೆಯಾದ. 1997ರ ಋತು ಮುಗಿದ ಮೇಲೆ ಆಟ ನಿಲ್ಲಿಸಿದ. ಅವನ 51ನೇ ಸಂಖ್ಯೆಯನ್ನು ತಂಡ ಇನ್ನಾರಿಗೂ ಕೊಡುವುದಿಲ್ಲ.

ಮತ್ತೆ ಮೇಷ್ಟ್ರಾದ. ಈ ಸಲ ಪ್ಯಾಂಥರ್ಸ್‌ನ ಲೈನ್‌ಬ್ಯಾಕರ್‌ಗಳಿಗೆ.

2003ರ ಆಗಸ್ಟ್‌ನಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಅದೇ ಸಮಯಕ್ಕೆ ಅವನ ಶಿಷ್ಯ, ಲೈನ್‌ಬ್ಯಾಕರ್ ಮಾರ್ಕ್ ಫೀಲ್ಡ್ಸ್‌ಗೂ ಹಾಡ್ಕಿನ್ಸ್ ಕಾಯಿಲೆ, ಅದೂ ಒಂದು ಬಗೆಯ ಕ್ಯಾನ್ಸರ್. ಮಿಲ್ಸ್ ಕೀಮೊಥೆರಪಿ ನಡುವೆಯೇ ಮೈದಾನಕ್ಕೆ ಬರುತ್ತಿದ್ದ. ಊರಿನ ದಿನಪತ್ರಿಕೆಯಲ್ಲಿ ದಿನ ಬಿಟ್ಟು ದಿನ ಅದೇ ಸುದ್ದಿ. ನಮ್ಮ ಹಿರಿಯರು ಪತ್ರಿಕೆ ಮಡಿಸಿಟ್ಟು, ಏನೂ ಹೇಳದೆ, ಲ್ಯಾಬಿನ ಕೇಬಲ್‌ಗಳನ್ನು ಸುತ್ತುತ್ತಾ ಕೂರುತ್ತಿದ್ದರು.

2004ರ ಜನವರಿ 3ರಂದು ಶಾರ್ಲೆಟ್‌ನಲ್ಲಿ ಕೌಬಾಯ್ಸ್ ವಿರುದ್ಧ ಪ್ಲೇಆಫ್ ಪಂದ್ಯ. ಅದಕ್ಕೆ ಮುನ್ನ ಮಿಲ್ಸ್ ಆಟಗಾರರ ಮುಂದೆ ನಿಂತು ಮಾತಾಡಿದ. ಕ್ಯಾನ್ಸರ್ ಎಂದು ತಿಳಿದಾಗ ನನ್ನ ಮುಂದೆ ಎರಡೇ ದಾರಿ ಇದ್ದವು, ಕೈಚೆಲ್ಲುವುದು ಅಥವಾ ಹೊಡೆಯುತ್ತಲೇ ಇರುವುದು, ನಾನು ಹೊಡೆಯುತ್ತಲೇ ಇದ್ದೇನೆ, ನೀವೂ ಅದನ್ನೇ ಮಾಡಿ ಎನ್ನುವುದು ಅದರ ಸಾರ. 'ಕೀಪ್ ಪೌಂಡಿಂಗ್' ಎಂಬ ಎರಡು ಪದ ಅಲ್ಲಿಂದ ಬಂತು. ಪ್ಯಾಂಥರ್ಸ್ 29-10ರಿಂದ ಗೆದ್ದಿತು, ಮುಂದೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಮೂರೇ ಅಂಕದಿಂದ, ಕೊನೆಯ ಕ್ಷಣದ ಒಂದು ಒದೆತಕ್ಕೆ ಸೋತಿತು. ನಮ್ಮ ಬಾಡಿಗೆ ಮನೆಯಲ್ಲಿ ಆ ರಾತ್ರಿ ಮೂವರು ಕನ್ನಡಿಗರು, ಇಬ್ಬರು ತೆಲುಗರು. ಪುಳಿಯೋಗರೆ ಪಾತ್ರೆ ಮುಂದಿಟ್ಟುಕೊಂಡು, ವಿಶ್ವಕಪ್ ಫೈನಲ್ ಸೋತಷ್ಟೇ ಬೇಜಾರಾಗಿ ಕೂತಿದ್ದೆವು.

ಮಿಲ್ಸ್ 2005ರ ಏಪ್ರಿಲ್ 18ರಂದು ತೀರಿಕೊಂಡ. ವಯಸ್ಸು 45.

ಆ ಎರಡು ಪದಗಳು ಈಗ ಎಲ್ಲೆಲ್ಲೂ ಇವೆ. 2012ರಿಂದ ಆಟಗಾರರ ಅಂಗಿಯ ಕಾಲರಿನ ಒಳಗೆ ಹೊಲಿದಿದ್ದಾರೆ. ತವರಿನ ಪ್ರತಿ ಪಂದ್ಯಕ್ಕೂ ಮೊದಲು ಯಾರಾದರೊಬ್ಬ ಗಣ್ಯರು ಬಂದು ದೊಡ್ಡ ಡೋಲು ಬಾರಿಸುತ್ತಾರೆ. ಟೀಶರ್ಟು, ಕಾಫಿ ಲೋಟ, ಕಾರಿನ ಸ್ಟಿಕ್ಕರು. ತಪ್ಪೇನಿಲ್ಲ. ಆದರೆ ನನಗೆ ಸಣ್ಣದೊಂದು ತಕರಾರಿದೆ. ಇದನ್ನೆಲ್ಲ ನೋಡಿದ ಇಂದಿನ ಹುಡುಗರು, ಮಿಲ್ಸ್ ಎಂದರೆ ಹಲ್ಲು ಕಚ್ಚಿ ಛಲದಿಂದಲೇ ಗೆದ್ದವನು ಎಂದುಕೊಂಡಿದ್ದಾರೆ. ಛಲ ಕ್ಲೀವ್‌ಲ್ಯಾಂಡ್‌ನಲ್ಲೂ ಇತ್ತು, ಟೊರೊಂಟೊದಲ್ಲೂ ಇತ್ತು, ಅಲ್ಲಿಂದ ಅವನನ್ನು ಮನೆಗೆ ಕಳಿಸಿದರು. ಮೈದಾನದಲ್ಲಿ ಅವನನ್ನು ಉಳಿಸಿದ್ದು ಬುದ್ಧಿ. ಎದುರಾಳಿ ಏನು ಮಾಡಲಿದ್ದಾನೆ ಎಂದು ಅವನಿಗಿಂತ ಮೊದಲೇ ತಿಳಿಯುವ ಬುದ್ಧಿ. ತಾನು ತರಬೇತಿ ಕೊಟ್ಟವರಲ್ಲೆಲ್ಲ ಮಿಲ್ಸ್ ಅತ್ಯುತ್ತಮ ಆಟಗಾರ ಎಂದು ಮೋರಾ ಹೇಳುತ್ತಿದ್ದದ್ದು ಅವನ ಕ್ಯಾನ್ಸರಿನ ಕಥೆಗೆ ಮರುಗಿ ಅಲ್ಲ.

ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನವರಿಗೆ ಇದು ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು. ಆಟಗಾರರ ಸಾಮಾನ್ಯ ಪಟ್ಟಿಯಲ್ಲಿ ಅವನ ಹೆಸರು ಪರಿಗಣನೆಗೆ ಬರುವ ಕಟ್ಟಕಡೆಯ ವರ್ಷ, 2022ರಲ್ಲಿ, ಆಯ್ಕೆ ಮಾಡಿದರು. ಆ ಆಗಸ್ಟ್‌ನಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿ ಅವನ ಹೆಂಡತಿ ಮೆಲನಿ ಅವನ ಪರವಾಗಿ ಭಾಷಣ ಮಾಡಿದರು. ನಾನು ಮನೆಯಲ್ಲಿ ಕೂತು ನೋಡಿದೆ. ಲ್ಯಾಬಿನ ಹಿರಿಯರು ಅಷ್ಟರಲ್ಲಿ ಫ್ಲಾರಿಡಾದಲ್ಲಿ ಮಗಳ ಮನೆ ಸೇರಿದ್ದರು. ಫೋನ್ ಮಾಡಿದೆ. "ಗಾರ್ಡ್ ನೋಡ್ತಾ ಇದ್ದೀಯಾ ಈಗಲೂ?" ಎಂದರು.

ಇಲ್ಲಿ ಓದಲು, ಕೆಲಸಕ್ಕೆ ಬರುವ ನಮ್ಮ ಕಾಲೇಜಿನ ಹುಡುಗರಿಗೆ ಒಂದು ಮಾತು. ಶಾರ್ಲೆಟ್‌ನಲ್ಲಿ ಈಗ ಕನ್ನಡದವರು ಸಾಕಷ್ಟಿದ್ದಾರೆ, ಯುಗಾದಿ ಊಟಕ್ಕೆ ಎಲೆ ಸಾಲದಷ್ಟು. ಪಂದ್ಯದ ಟಿಕೆಟ್ಟು ದುಬಾರಿ, ವಿದ್ಯಾರ್ಥಿಗಳ ಕೈಗೆ ಎಟುಕುವುದಿಲ್ಲ. ಮೈದಾನದ ಹೊರಗೆ ಮಿಲ್ಸ್‌ನ ಕಂಚಿನ ಪ್ರತಿಮೆ ಇದೆ, ಅದಕ್ಕೆ ಟಿಕೆಟ್ಟಿಲ್ಲ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ಗಾಡಿ ನಿಲ್ಲಿಸಲು ಜಾಗವೂ ಸಿಗುತ್ತದೆ, ಪಂದ್ಯವಿಲ್ಲದ ದಿನ ನೋಡಿಕೊಂಡು ಹೋಗಿ.