ಕರೆಂಟ್ ಹೋದ ಮೇಲೆ ಎಷ್ಟು ಗಂಟೆ?

ನೆರೆ ಬರಲಿ, ಬಿರುಗಾಳಿ ಬರಲಿ, ಮನೆಯಲ್ಲೇ ಆರೈಕೆ ಪಡೆಯುವ ರೋಗಿಗೆ ಮೊದಲ ಪೆಟ್ಟು ಬೀಳುವುದು ಹೆಚ್ಚಾಗಿ ಕರೆಂಟ್ ಹೋದಾಗ. ಆಮೇಲೆ ರಸ್ತೆ ಕಟ್ಟುತ್ತದೆ, ನರ್ಸ್ ಬರುವುದು ತಪ್ಪುತ್ತದೆ. ಹಾಗಾಗಿ ಟಾರ್ಚು, ನೀರಿನ ಬಾಟಲಿ ಜೋಡಿಸಿಡುವುದಕ್ಕೂ ಮೊದಲು ಒಂದು ಲೆಕ್ಕ ಆಗಬೇಕು: ಕರೆಂಟೂ ಇಲ್ಲದೆ, ಹೊರಗಿನವರೂ ಬಾರದೆ ಈ ರೋಗಿ ಎಷ್ಟು ಗಂಟೆ ಸುರಕ್ಷಿತ? "ಇನ್ವರ್ಟರ್ ಇದೆಯಲ್ಲ" ಎಂಬುದು ಇದಕ್ಕೆ ಉತ್ತರವಲ್ಲ.

ಯಾಕೆಂದರೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಅಂದರೆ ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್, ಸುಮಾರು 350 ವ್ಯಾಟ್ ಎಳೆಯುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1800 ವ್ಯಾಟ್-ಅವರ್ ಇರಬೇಕು. ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಉಳಿದ 900ರಲ್ಲಿ ಐದನೇ ಒಂದು ಭಾಗ ಇನ್ವರ್ಟರಿನಲ್ಲೇ ಹೋಯಿತೆಂದುಕೊಂಡರೆ ಕೈಗೆ ಸಿಗುವುದು 720, ಅಂದರೆ ಎರಡು ಗಂಟೆ. ಅದೂ ಬ್ಯಾಟರಿ ಹೊಸದಾಗಿದ್ದು, ಫ್ಯಾನು ದೀಪಗಳೆಲ್ಲ ಆರಿದ್ದರೆ. ಇನ್ವರ್ಟರ್ ಸೈನ್ ವೇವ್‌ನದೇ ಆಗಿರಬೇಕು. ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಮೋಟಾರು ಬಿಸಿಯಾಗಿ ಹಾಳಾಗಬಹುದು. ಒಂದು ದಿನ ಹಗಲಿನಲ್ಲಿ ರೋಗಿಯನ್ನು ಸಿಲಿಂಡರಿಗೆ ಬದಲಾಯಿಸಿ, ಮೇನ್ ಆಫ್ ಮಾಡಿ, ಯಂತ್ರ ಎಷ್ಟು ಹೊತ್ತು ಓಡುತ್ತದೆಂದು ಗಡಿಯಾರ ನೋಡಿ. ಆ ಅಂಕಿಯನ್ನು ಮಾತ್ರ ನಂಬಿ.

ಸಿಲಿಂಡರಿನ ಲೆಕ್ಕ ಇನ್ನೂ ಸುಲಭ. ಗೇಜ್ ತೋರಿಸುವ ಒತ್ತಡದ ಅಂಕಿಯಲ್ಲಿ (ಬಾರ್) ಮೀಸಲಿಗೆಂದು 20 ಕಳೆದು, ಸಿಲಿಂಡರಿನ ನೀರಿನ ಧಾರಣೆಯಿಂದ (ಅದರೊಳಗೆ ಎಷ್ಟು ಲೀಟರ್ ನೀರು ಹಿಡಿಸುತ್ತದೆಂಬ ಅಳತೆ) ಗುಣಿಸಿ, ನಿಮಿಷಕ್ಕೆ ಹರಿಯುವ ಲೀಟರಿನಿಂದ ಭಾಗಿಸಿ. 10 ಲೀಟರ್ ಧಾರಣೆಯದು 150 ಬಾರ್ ತುಂಬಿದ್ದರೆ 1300 ಲೀಟರ್ ಬಳಸಬಹುದು: ನಿಮಿಷಕ್ಕೆ 2 ಲೀಟರಿನಲ್ಲಿ 650 ನಿಮಿಷ, ಹತ್ತಿರ ಹತ್ತಿರ 11 ಗಂಟೆ. 5 ಲೀಟರಿಗೆ ಏರಿಸಿದರೆ ನಾಲ್ಕು ಗಂಟೆ 20 ನಿಮಿಷ ಅಷ್ಟೇ.

ತುಂಬಿದ ಸಿಲಿಂಡರ್ ಮನೆಯಲ್ಲಿದ್ದೂ ಕೆಲಸಕ್ಕೆ ಬಾರದೆ ಹೋಗುವುದು ಎರಡು ಸಣ್ಣ ವಸ್ತುಗಳಿಂದ: ಸ್ಪ್ಯಾನರ್ ಮತ್ತು ವಾಷರ್. ಸ್ಪ್ಯಾನರನ್ನು ದಾರದಿಂದ ಸಿಲಿಂಡರಿನ ಕತ್ತಿಗೇ ಕಟ್ಟಿಬಿಡಿ. ರೆಗ್ಯುಲೇಟರ್ ಕೂರುವ ಜಾಗದ ವಾಷರ್ ಸವೆದಿದ್ದರೆ ವಾಲ್ವ್ ತೆರೆದ ಕೂಡಲೇ ಸುಸ್ ಎಂದು ಅನಿಲ ಸೋರುತ್ತದೆ. ಇನ್ನೊಂದು ವಾಷರನ್ನು ಸಣ್ಣ ಚೀಲದಲ್ಲಿ ಹಾಕಿ ಅಲ್ಲೇ ತೂಗುಹಾಕಿ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ಬಿಗಿಯಾಗಿದೆಯೆಂದು ಎಣ್ಣೆ, ಗ್ರೀಸು ಖಂಡಿತ ಹಚ್ಚಬೇಡಿ, ಒತ್ತಡದ ಆಕ್ಸಿಜನ್ ತಾಗಿದರೆ ಅದು ಹೊತ್ತಿಕೊಳ್ಳುತ್ತದೆ. ಕರೆಂಟ್ ಹೋಯಿತೆಂದು ಆ ಕೋಣೆಯಲ್ಲಿ ಮೇಣದಬತ್ತಿ ಹಚ್ಚುವುದು ಇನ್ನೂ ದೊಡ್ಡ ಅಪಾಯ. ಟಾರ್ಚೇ ಆಗಬೇಕು.

ವೆಂಟಿಲೇಟರ್ ಮೇಲಿರುವವರ ತಲೆದಿಂಬಿನ ಹತ್ತಿರ ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಇರಲೇಬೇಕು. ಕಪಾಟಿನಲ್ಲಲ್ಲ, ಕೈಗೆಟುಕುವಲ್ಲಿ. ದೊಡ್ಡವರಿಗಾದರೆ 5-6 ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ ಒತ್ತುವುದು. ಗಾಬರಿಯಲ್ಲಿ ಎಲ್ಲರೂ ಜೋರಾಗಿ, ಬೇಗ ಬೇಗ ಒತ್ತುತ್ತಾರೆ. ಅದಕ್ಕೇ ಮನೆಯವರಲ್ಲಿ ಕನಿಷ್ಠ ಇಬ್ಬರಿಗೆ ನರ್ಸ್ ಎದುರಿನಲ್ಲೇ ಅಭ್ಯಾಸ ಆಗಿರಬೇಕು. ಕಫ ತೆಗೆಯುವ ಸಕ್ಷನ್ ಯಂತ್ರಕ್ಕೆ ಬದಲಿಯಾಗಿ ಕಾಲಿನಿಂದ ಒತ್ತುವ ಪಂಪ್ ಸಿಗುತ್ತದೆ.

ಬಹಳ ಜನ ಮರೆಯುವುದು ಏರ್ ಬೆಡ್. ಪಂಪ್ ನಿಂತರೆ ಗಾಳಿ ಮೆಲ್ಲಗೆ ಇಳಿದು ರೋಗಿಯ ಟೊಂಕ, ಹಿಮ್ಮಡಿ ಗಟ್ಟಿ ಮಂಚಕ್ಕೆ ತಾಗುತ್ತವೆ. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ, ಅಂಗೈಯನ್ನು ಹಾಸಿಗೆಯ ಅಡಿಗೆ ತೂರಿಸಿ ನೋಡಬೇಕು. ಮೈಭಾರ ಅಂಗೈಗೆ ನೇರವಾಗಿ ತಟ್ಟಿದರೆ ಫೋಮ್ ಹಾಸಿಗೆಗೆ ಬದಲಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮಂಚ ಮೋಟಾರಿನದಾದರೆ ಕೈಯಿಂದ ತಿರುಗಿಸುವ ಹಿಡಿ ಎಲ್ಲಿದೆಯೆಂದು ಈಗಲೇ ಹುಡುಕಿ.

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಫ್ರಿಜ್ ಬಾಗಿಲು ಪದೇಪದೇ ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಮಂಜುಗಡ್ಡೆಗೆ ನೇರ ತಾಗಿಸಿಡಬೇಡಿ: ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಎಸೆಯಬೇಕಾದ್ದೇ. ಡಯಾಲಿಸಿಸ್ ರೋಗಿಗಳು ಒಂದು ಸರದಿ ತಪ್ಪಿದರೆ ಏನು ತಿನ್ನಬೇಕು, ಎಷ್ಟು ನೀರು ಕುಡಿಯಬಹುದು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಲಿ.

ಆರೈಕೆ ಸಂಸ್ಥೆಗಳು ರೋಗಿಗಳನ್ನು ಮೂರು ಗುಂಪು ಮಾಡಿಡಬೇಕು: ಯಂತ್ರ ನಿಂತರೆ ಪ್ರಾಣಕ್ಕೇ ಕುತ್ತು ಬರುವವರು, ಒಂದೆರಡು ದಿನದಲ್ಲಿ ನರ್ಸ್ ಹೋಗಲೇಬೇಕಾದವರು, ಫೋನಿನಲ್ಲಿ ವಿಚಾರಿಸಿಕೊಂಡು ವಾರ ಕಾಯಬಹುದಾದವರು. ಪಟ್ಟಿ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಸಾಲದು, ಮುದ್ರಿಸಿದ ಪ್ರತಿ ಬೇಕು. ಮೊದಲ ಗುಂಪಿನವರನ್ನು ಮುನ್ಸೂಚನೆ ಬಂದ ದಿನವೇ ಸ್ಥಳಾಂತರಿಸುವುದು ಒಳ್ಳೆಯದು. ನೀರು ಏರಿದ ಮೇಲೆ ವೆಂಟಿಲೇಟರ್ ಸಮೇತ ರೋಗಿಯನ್ನು ಎತ್ತಿಕೊಂಡು ಹೋಗುವುದು ತೀರಾ ಕಷ್ಟ.

ಪ್ರತಿ ಮನೆಯಲ್ಲೂ ಮಂಚದ ಹತ್ತಿರದ ಗೋಡೆಗೆ ಒಂದು ಹಾಳೆ ಅಂಟಿಸಿ. ಆಕ್ಸಿಜನ್ ಎಷ್ಟು ಲೀಟರ್, ಔಷಧಿಗಳ ಹೆಸರು ಮತ್ತು ಪ್ರಮಾಣ, ಟ್ಯೂಬುಗಳ ಅಳತೆ, ಬ್ಯಾಟರಿಯ ಗಂಟೆ, ಸಿಲಿಂಡರಿನ ಗಂಟೆ, ಅರ್ಧದಷ್ಟು ಹೊತ್ತು ಮುಗಿದಾಗ ಯಾರಿಗೆ ಕರೆ ಮಾಡಬೇಕು, ಇಷ್ಟು ಸಾಕು. ನರ್ಸ್ ಪ್ರತಿ ಭೇಟಿಯಲ್ಲೂ ಗೇಜ್ ಓದಿ, ಆ ಹಾಳೆಯಲ್ಲಿ ಅಂಕಿಯನ್ನೂ ತಾರೀಖನ್ನೂ ಬರೆಯಲಿ.